ಕಾರ್ಖಾನೆ ಧೂಳು ತಡೆಯಲು ನಮ್ಮ ಶಾಸಕರೇ ಕಾಯ್ದೆ ತರಬಹುದಲ್ಲ?

ಪ್ರಶ್ನೆ: ಕೊಪ್ಪಳ ಬಳಿಯ ಗಿಣಿಗೇರಿ ಸುತ್ತಮುತ್ತ ಹತ್ತಿ, ಮೇವು, ಮಾಳಿಗೆ ಎಲ್ಲದರ ಮೇಲೂ ಕರಿ ಧೂಳು. ವಿಧಾನಸಭೆಯಲ್ಲಿ ಒಂದು ಕಾಯ್ದೆ ಪಾಸು ಮಾಡಿಸಿ ಇದನ್ನು ನಿಲ್ಲಿಸಲು ಆಗದೇ?

ಉತ್ತರ: ಕಾಯ್ದೆ 1981ರಿಂದಲೇ ಇದೆ, ಮಾಡಿದ್ದು ಸಂಸತ್ತು. ವಿಶ್ವಸಂಸ್ಥೆಯ 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದ ನಿರ್ಣಯಗಳನ್ನು ಜಾರಿಗೆ ತರಲು ಸಂವಿಧಾನದ 253ನೇ ವಿಧಿ ಬಳಸಿ ವಾಯು ಮಾಲಿನ್ಯ ಕಾಯ್ದೆ ತಂದರು. ಆ ವಿಧಿಯಡಿ ಬಂದ ಕಾಯ್ದೆಗೆ ರಾಜ್ಯಗಳ ಒಪ್ಪಿಗೆ ಬೇಕಿಲ್ಲ. ಹಾಗಾಗಿ ಅದರ ತಿದ್ದುಪಡಿಯೂ ದೆಹಲಿಯದೇ ಕೆಲಸ.

ಈಚಿನ ತಿದ್ದುಪಡಿಯನ್ನೇ ನೋಡಿ. ಹಲವು ಕಾಯ್ದೆಗಳನ್ನು ಒಟ್ಟಿಗೆ ತಿದ್ದುವ ಜನ ವಿಶ್ವಾಸ್ ಮಸೂದೆ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು, ಜಂಟಿ ಸಮಿತಿಗೆ ಹೋಯಿತು, 2023ರ ಜುಲೈ–ಆಗಸ್ಟ್‌ನಲ್ಲಿ ಎರಡೂ ಸದನ ದಾಟಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ವಾಯು ಕಾಯ್ದೆಯ ಮಟ್ಟಿಗೆ ಜಾರಿಯಾದದ್ದು 2024ರ ಏಪ್ರಿಲ್ 1ರಂದು. ಜೈಲು ಶಿಕ್ಷೆಯಿದ್ದ ಹಲವು ತಪ್ಪುಗಳಿಗೆ ಈಗ 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಉಕ್ಕಿನ ಕಾರ್ಖಾನೆಗೆ 15 ಲಕ್ಷ ಯಾವ ಲೆಕ್ಕ? ಆದರೆ ಇದನ್ನು ಕೇಳಬೇಕಾದದ್ದು ಸಂಸದರನ್ನು.

ಚಿಮಣಿಯಿಂದ ಎಷ್ಟು ಧೂಳು ಬಿಡಬಹುದು ಎಂಬ ಅಂಕಿ ಕಾಯ್ದೆಯಲ್ಲಿ ಇರುವುದಿಲ್ಲ. ಅದನ್ನು ಕೇಂದ್ರ ಪರಿಸರ ಸಚಿವಾಲಯ ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸಿ ಗೊತ್ತುಮಾಡುತ್ತದೆ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ಶಕ್ತಿನಗರದಂಥ ಕಡೆಯ ಹಳೆಯ ಘಟಕಗಳಿಗೆ ಘನ ಮೀಟರಿಗೆ 100 ಮಿಲಿಗ್ರಾಂ, ಎಲ್ಲೇ ಇರಲಿ 2017ರಿಂದೀಚಿನ ಹೊಸ ಘಟಕಗಳಿಗೆ 30 ಎಂದದ್ದು 2015ರ ಅಂಥದೊಂದು ಅಧಿಸೂಚನೆ. ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಸಾಮಾನ್ಯವಾಗಿ 60 ದಿನ ಇರುತ್ತದೆ. ಈ ಅವಧಿಯನ್ನು ಕಂಪನಿಗಳ ವಕೀಲರು ಬಿಡುವುದಿಲ್ಲ, ನಮ್ಮ ಕಡೆಯವರಿಗೆ ಗೊತ್ತೇ ಆಗುವುದಿಲ್ಲ.

ಹಾಗಂತ ರಾಜ್ಯ ಸರ್ಕಾರದ ಕೈ ಬರಿದಾಗಿಲ್ಲ. ಕಾಯ್ದೆಯ 18ನೇ ಕಲಮಿನಡಿ ಸರ್ಕಾರ ಲಿಖಿತವಾಗಿ ಕೊಟ್ಟ ನಿರ್ದೇಶನವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಪಾಲಿಸಲೇಬೇಕು. ವೇದಿಕೆಯ ಮೇಲಿನ ಭರವಸೆಗೆ ಆ ಬಲವಿಲ್ಲ. 19ನೇ ಕಲಮಿನಡಿ, ವಾಯು ಮಾಲಿನ್ಯ ನಿಯಂತ್ರಣ ಪ್ರದೇಶ ಎಂದು ಘೋಷಿಸಿದ ಕಡೆ ಸರ್ಕಾರ ನಿರ್ದಿಷ್ಟ ಇಂಧನವನ್ನೇ ನಿಷೇಧಿಸಬಹುದು. ಮಂಡಳಿಯ ಜೊತೆ ಸಮಾಲೋಚಿಸಿ, ಕನಿಷ್ಠ ಮೂರು ತಿಂಗಳ ಮುಂಚೆ ಪ್ರಕಟಿಸಬೇಕು. 31ಎ ಕಲಮಿನಡಿ ಮಂಡಳಿಯೇ ಕರೆಂಟು, ನೀರು ಕಡಿತಕ್ಕೆ, ಕಾರ್ಖಾನೆ ಮುಚ್ಚುವುದಕ್ಕೆ ಆದೇಶಿಸಬಹುದು.

ಹಾಗಿದ್ದರೂ ಧೂಳು ಬರುವುದೇಕೆ? ಅದಿರಿನಿಂದ ಸ್ಪಾಂಜ್ ಐರನ್ ಎಂಬ ಕಚ್ಚಾ ಕಬ್ಬಿಣ ಮಾಡುವ ಗೂಡಿನ ಹೊಗೆ ಮೊದಲು ಇಎಸ್‌ಪಿ ಎಂಬ ವಿದ್ಯುತ್ ಶೋಧಕಕ್ಕೆ ಹೋಗಿ, ಧೂಳು ಕಳೆದುಕೊಂಡು ಚಿಮಣಿ ಸೇರಬೇಕು. ಕರೆಂಟು ಹೋದರೆ ಅಥವಾ ಗೂಡಿನಲ್ಲಿ ಒತ್ತಡ ಏರಿದರೆ ತುರ್ತು ಮುಚ್ಚಳ ತೆರೆದು ಹೊಗೆ ನೇರವಾಗಿ ಹೊರಗೆ ಬರುತ್ತದೆ. ತಪಾಸಣೆಯವರು ಅಳೆಯುವುದು ಚಿಮಣಿಯಲ್ಲಿ, ಮುಚ್ಚಳದಿಂದ ಹೋದದ್ದು ಆ ಲೆಕ್ಕಕ್ಕೆ ಸಿಗದು.

ಆದ್ದರಿಂದ ಶಾಸಕರ ಬಳಿ ಹೋದಾಗ ಹೊಸ ಕಾಯ್ದೆ ಕೇಳಬೇಡಿ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು) ಹಾಕಿಸಿ: ಕಳೆದ ಒಂದು ವರ್ಷದಲ್ಲಿ ಯಾವ ಗೂಡಿನ ತುರ್ತು ಮುಚ್ಚಳ ಎಷ್ಟು ಸಲ ತೆರೆಯಿತು, ಇಎಸ್‌ಪಿ ಎಷ್ಟು ತಾಸು ಬಂದಾಗಿತ್ತು, 31ಎ ಕಲಮಿನಡಿ ಯಾರಿಗೆ ಆದೇಶ ಹೋಗಿದೆ? ನೀವು ಕಂಡ ದಿನಾಂಕ, ಗಂಟೆ, ಫೋಟೊ ಜೊತೆಗೆ ಕೊಡಿ. ‘ಧೂಳು ವಿಪರೀತ’ ಎಂದು ಕೇಳಿದರೆ ‘ಕ್ರಮ ವಹಿಸಲಾಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.