ಕರುಳಿನ ಬ್ಯಾಕ್ಟೀರಿಯಾ, ಮನಸ್ಸಿನ ಒತ್ತಡ: ನೂರು ವರ್ಷ ದಾಟಿದ ವಾದ
ಕರುಳು ಸರಿಯಿದ್ದರೆ ಮನಸ್ಸೂ ಹಗುರವಾಗಿರುತ್ತದೆ ಎಂಬ ವಾದ ಇಂದಿನ ಪ್ರೋಬಯಾಟಿಕ್ (ಆರೋಗ್ಯಕ್ಕೆ ಒಳ್ಳೆಯದೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ) ಜಾಹೀರಾತುಗಳಿಗಿಂತ ಬಹಳ ಹಳೆಯದು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ದೊಡ್ಡ ಕರುಳಿನಲ್ಲಿ ಕೊಳೆತ ಆಹಾರದಿಂದ ಹುಟ್ಟುವ ವಿಷವೇ ಮುಪ್ಪನ್ನು ಬೇಗ ತರುತ್ತದೆಂದೂ ಹುಳಿ ಹಾಲಿನ ಬ್ಯಾಕ್ಟೀರಿಯಾ ಅದನ್ನು ತಡೆಯಬಲ್ಲದೆಂದೂ 20ನೇ ಶತಮಾನದ ಆರಂಭದಲ್ಲೇ ಸಾರಿದ್ದರು. ಅದೇ ಜಾಡು ಹಿಡಿದ ಲಂಡನ್ನಿನ ಬೆತ್ಲೆಮ್ ಮಾನಸಿಕ ಆಸ್ಪತ್ರೆಯ ವೈದ್ಯ ಜಾರ್ಜ್ ಪೋರ್ಟರ್ ಫಿಲಿಪ್ಸ್, ಖಿನ್ನತೆಯ 18 ರೋಗಿಗಳಿಗೆ ಇಂಥ ಬ್ಯಾಕ್ಟೀರಿಯಾ ಕೊಟ್ಟು, 11 ಮಂದಿ ಗುಣವಾದರೆಂದು 1910ರಲ್ಲಿ ವರದಿ ಮಾಡಿದರು. ಹೋಲಿಸಿ ನೋಡಲು ಬೇರೊಂದು ಗುಂಪೇ ಇರಲಿಲ್ಲವಾದ್ದರಿಂದ ಆ ಲೆಕ್ಕವನ್ನು ಇಂದು ಪುರಾವೆ ಎನ್ನಲಾಗದು.

ಕರುಳಿನ ವಿಷದ ಸಿದ್ಧಾಂತ ಮುಂದೆ ಮೂಲೆಗೆ ಸರಿಯಿತು. ಪ್ರಶ್ನೆಗೆ ಮರುಜೀವ ಬಂದದ್ದು 2004ರಲ್ಲಿ, ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ನೊಬುಯುಕಿ ಸುಡೊ ತಂಡದಿಂದ. ಸೂಕ್ಷ್ಮಜೀವಿಗಳ ಸೋಂಕೇ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಇಕ್ಕಟ್ಟಿನಲ್ಲಿ ಕೂಡಿಟ್ಟಾಗ ಅವುಗಳ ಒತ್ತಡದ ಹಾರ್ಮೋನು ಉಳಿದ ಇಲಿಗಳಿಗಿಂತ ಹೆಚ್ಚು ಏರಿತು; ಒಂದು ಬಗೆಯ ಬೈಫಿಡೊಬ್ಯಾಕ್ಟೀರಿಯಾವನ್ನು ಅವುಗಳ ಕರುಳಿಗೆ ಸೇರಿಸಿದಾಗ ಆ ಅತಿರೇಕ ತಗ್ಗಿತು.

2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ಇನ್ನೂ ಮುಂದೆ ಹೋದರು. ಜೆಬಿ-1 ಎಂಬ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾದ ತಳಿಯನ್ನು (ಒಂದೇ ಜಾತಿಯೊಳಗಿನ ಒಂದು ಉಪಬಗೆಯನ್ನು) ತಿಂದ ಇಲಿಗಳಲ್ಲಿ ಆತಂಕದ ವರ್ತನೆ ಕಡಿಮೆಯಾಯಿತು. ಕರುಳನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರವನ್ನು ಕತ್ತರಿಸಿದ ಇಲಿಗಳಲ್ಲಿ ಮಾತ್ರ ಆ ಬದಲಾವಣೆ ಕಾಣಲಿಲ್ಲ. ಇಷ್ಟು ಅಚ್ಚುಕಟ್ಟಾದ ಫಲಿತಾಂಶ ಸಿಕ್ಕ ಮೇಲೆ ಮನುಷ್ಯರ ಸರದಿ ಬಾರದಿರುತ್ತದೆಯೇ?

ಕಾರ್ಕ್‌ನಲ್ಲೇ 22 ಆರೋಗ್ಯವಂತ ಪುರುಷರಿಗೆ ಬೈಫಿಡೊಬ್ಯಾಕ್ಟೀರಿಯಂ ಲಾಂಗಮ್ 1714 ತಳಿಯನ್ನು ನಾಲ್ಕು ವಾರ ಕೊಟ್ಟು, ಮಂಜಿನಷ್ಟು ತಣ್ಣಗಿನ ನೀರಿನಲ್ಲಿ ಕೈ ಅದ್ದಿಸಿ ಒತ್ತಡವನ್ನು ಅಳೆದರು. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್‌ನ ಏರಿಕೆಯೂ ಅವರು ಹೇಳಿಕೊಂಡ ಆತಂಕವೂ ಕಡಿಮೆಯಿತ್ತೆಂದು 2016ರಲ್ಲಿ ಪ್ರಕಟವಾಯಿತು. ಮರುವರ್ಷ ಜೆಬಿ-1ರ ಫಲಿತಾಂಶವೂ ಹೊರಬಂತು: 29 ಆರೋಗ್ಯವಂತ ಪುರುಷರಲ್ಲಿ, ಎಂಟು ವಾರಗಳ ಪ್ರಯೋಗದಲ್ಲಿ, ಒತ್ತಡ, ಆತಂಕ, ನಿದ್ರೆ ಯಾವುದರಲ್ಲೂ ಬ್ಯಾಕ್ಟೀರಿಯಾ ಇಲ್ಲದ ಹುಸಿಮಾತ್ರೆಗಿಂತ ವ್ಯತ್ಯಾಸವಿರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಇತಿಹಾಸದಲ್ಲಿ ಹೆಚ್ಚು ಬೆಲೆಯುಳ್ಳದ್ದು ಈ ಸೋಲಿನ ವರದಿಯೇ, ಏಕೆಂದರೆ ಇಲಿಗಳಲ್ಲಿ ಗೆದ್ದ ತಳಿಯೇ ಇಲ್ಲಿ ಸೋತಿತು, ಸೋತದ್ದನ್ನು ಅದೇ ಊರಿನವರೇ ಮುಚ್ಚಿಡದೆ ಪ್ರಕಟಿಸಿದರು. ಮೊದಲೇ ನೆಮ್ಮದಿಯಾಗಿರುವವರಲ್ಲಿ ಸುಧಾರಣೆಗೆ ಉಳಿದಿರುವ ಜಾಗವೂ ಕಿರಿದು ಎನ್ನುವುದನ್ನು ಮರೆಯುವಂತಿಲ್ಲ.

ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ಅಂಟಿಸಲಾಗದು ಎಂಬುದು ನಮ್ಮಲ್ಲೂ ಗೊತ್ತಿರುವ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಜೈವಿಕ ತಂತ್ರಜ್ಞಾನ ಇಲಾಖೆಯೊಂದಿಗೆ 2011ರಲ್ಲಿ ಹೊರತಂದ ಮಾರ್ಗಸೂಚಿ, ಪ್ರೋಬಯಾಟಿಕ್ ಆಹಾರದ ಬ್ಯಾಕ್ಟೀರಿಯಾವನ್ನು ತಳಿಯ ಮಟ್ಟದವರೆಗೂ ಗುರುತಿಸಬೇಕೆನ್ನುತ್ತದೆ. ನಿನ್ನೆಯ ಹೆಪ್ಪಿನಿಂದ ಇಂದು ಗಟ್ಟಿಯಾಗುವ ಮನೆಯ ಮೊಸರಿನಲ್ಲಿ ಯಾವ ತಳಿ ಎಷ್ಟಿದೆಯೆಂದು ಯಾರೂ ಅಳೆದಿರುವುದಿಲ್ಲವಾದ್ದರಿಂದ, ಕಾರ್ಕ್‌ನ ಗೆಲುವಾಗಲಿ ಸೋಲಾಗಲಿ ಅದಕ್ಕೆ ಅನ್ವಯಿಸುವುದಿಲ್ಲ.