ಪ್ರೋ ಬೇಕಿಲ್ಲ, ಅಪ್‌ಡೇಟ್ ಬೇಕು

ಲ್ಯಾಪ್‌ಟಾಪ್ ಕಂಪನಿಗಳ ಜಾಹೀರಾತಿನಲ್ಲಿ ಒಂದು ಸಾಲು ನೋಡಿರುತ್ತೀರಿ. ‘ಬಿಸಿನೆಸ್‌ಗೆ ನಾವು ವಿಂಡೋಸ್ 11 ಪ್ರೋ ಶಿಫಾರಸು ಮಾಡುತ್ತೇವೆ.’ ಇದನ್ನು ಓದಿದವರು, ಮನೆಗೂ ಪ್ರೋ ಹಾಕಿಸಬೇಕಾ ಎಂದು ನನ್ನನ್ನು ಕೇಳುತ್ತಾರೆ. ಬೇಕಿಲ್ಲ. ವಿಂಡೋಸ್‌ನ ಹೋಮ್ ಆವೃತ್ತಿಗೂ ಪ್ರೋ ಆವೃತ್ತಿಗೂ ಬರುವ ಭದ್ರತಾ ಅಪ್‌ಡೇಟ್ ಒಂದೇ, ಡಿಫೆಂಡರ್ ಆಂಟಿವೈರಸ್ಸೂ ಒಂದೇ. ಪ್ರೋದಲ್ಲಿರುವ ಗ್ರೂಪ್ ಪಾಲಿಸಿಯಂಥವು (ಹಲವು ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ನಿಯಮ ಹಾಕುವ ಸೌಲಭ್ಯ) ಆಫೀಸಿಗೆ ಬೇಕಾದವು. ಅದು ಮಾರಾಟದ ಸಾಲು, ನಿಮ್ಮ ಮನೆ ನೋಡಿ ಬರೆದದ್ದಲ್ಲ.

ನನಗೆ ಭಯ ಇರುವುದು ‘ಡಾಸ್ ಲ್ಯಾಪ್‌ಟಾಪ್’ ಬಗ್ಗೆ. ವಿಂಡೋಸ್ ಇಲ್ಲದ ಮಾಡೆಲ್ ಕೊಂಡರೆ ಕೆಲವು ಸಾವಿರ ಉಳಿಯುತ್ತದೆ ನಿಜ. ಆಮೇಲೆ ಯಾರೋ ಪೈರೇಟೆಡ್ ವಿಂಡೋಸ್ ಹಾಕಿಕೊಡುತ್ತಾರೆ. ಅದನ್ನು ಆಕ್ಟಿವೇಟ್ ಮಾಡುವ ಪ್ರೋಗ್ರಾಮನ್ನು ಡಿಫೆಂಡರ್ ಹಿಡಿಯುತ್ತದೆ. ಹಾಗಾಗಿ ಮೊದಲು ಡಿಫೆಂಡರನ್ನೇ ಸುಮ್ಮನಾಗಿಸುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರ ಲ್ಯಾಪ್‌ಟಾಪಿನಲ್ಲಿ ಡಿಫೆಂಡರ್ ಹಸಿರು ಟಿಕ್ ತೋರಿಸುತ್ತಿತ್ತು. ಒಳಗೆ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ ತೆಗೆದು ನೋಡಿದೆ. ಇಡೀ ಸಿ ಡ್ರೈವ್ ಅಲ್ಲಿತ್ತು! ಅಂದರೆ ಆ ಡ್ರೈವಿನಲ್ಲಿ ಏನು ಬಂದು ಕೂತರೂ ನೋಡಬೇಡ ಎಂದು ಹೇಳಿಟ್ಟಹಾಗೆ. ಮೇಷ್ಟ್ರು ಅದರಲ್ಲೇ ನೆಟ್ ಬ್ಯಾಂಕಿಂಗ್ ಮಾಡುತ್ತಿದ್ದರು. ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ವಿಂಡೋಸ್ ಸೆಕ್ಯುರಿಟಿ ತೆರೆದು ಆ ಪಟ್ಟಿಯನ್ನು ಒಮ್ಮೆ ನೋಡಿ. ನೀವು ಹಾಕದ್ದು ಏನಾದರೂ ಇದ್ದರೆ, ಬೇಕಾದ ಫೈಲುಗಳನ್ನು ಉಳಿಸಿಕೊಂಡು ಎಲ್ಲವನ್ನೂ ಹೊಸದಾಗಿ ಹಾಕಿಸುವುದೇ ಸರಿ.

ಇನ್ನು ಅಪ್‌ಡೇಟ್. ‘ಕಂಪ್ಯೂಟರ್ ಸ್ಲೋ ಆಗುತ್ತೆ’ ಎಂದು ಸುಮ್ನೆ ಆಫ್ ಮಾಡಿಡುವವರು ಇದ್ದಾರೆ. 2017ರ ಮೇ 12ರಂದು, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ದುಷ್ಟ ಪ್ರೋಗ್ರಾಮ್ ಹರಡಿತು. ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7 ಇದ್ದವು. ಅವಕ್ಕೆ ಪ್ಯಾಚ್ ಬಂದಿತ್ತು, ಹಾಕಿಕೊಂಡಿರಲಿಲ್ಲ, ಅಷ್ಟೇ. ದಿನದ ಕೆಲಸಕ್ಕೆ, ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ಬದಲಾಯಿಸಬಲ್ಲ ಅಡ್ಮಿನ್ ಖಾತೆ ಬೇಡ, ಬೇರೆ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಳ್ಳಿ ಎಂದೂ ಎಲ್ಲರಿಗೂ ಹೇಳುತ್ತೇನೆ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಹಳೆಯ ಪ್ರೊಸೆಸರ್‌ನ ಕಂಪ್ಯೂಟರ್‌ಗಳು ಅಧಿಕೃತವಾಗಿ ವಿಂಡೋಸ್ 11ಕ್ಕೆ ಹೋಗಲಾರವು. ಅಂಥವರಿಗೆ ಹೊಸದು ಕೊಳ್ಳಿ ಎಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಬ್ರೌಸರ್, ಪತ್ರ, ಬ್ಯಾಂಕ್ ಇಷ್ಟೇ ಕೆಲಸ ಇದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತೇನೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಅಪ್‌ಡೇಟೂ ಬರುತ್ತಿರುತ್ತದೆ. ‘ಅದರಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಇಲ್ಲವಲ್ಲ’ ಎನ್ನುವುದು ನಾನು ಕೇಳುವ ಮೊದಲ ಆಕ್ಷೇಪ. ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು. ಆದರೆ ನುಡಿಯ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಫೈಲುಗಳಿದ್ದರೆ, ವಿಂಡೋಸ್ ತೆಗೆಯುವ ಮುಂಚೆಯೇ ಅವನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡ್‌ಗೆ ಬದಲಾಯಿಸಿ ಒಂದು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ.