ಸ್ಕೋಪಿನ ಲೆನ್ಸಿಗೆ ಬೆರಳಿಗಿಂತ ಅಂಗಿಯ ತುದಿಯೇ ಅಪಾಯ

ದುರಸ್ತಿಗೆ ಬಂದ ರೈಫಲ್ ಸ್ಕೋಪಿನ, ಅಂದರೆ ಗುರಿ ನೋಡಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನ, ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ, ಅದನ್ನು ಇಷ್ಟು ದಿನ ಹೇಗೆ ಒರೆಸಿದ್ದಾರೆ ಅಂತ ತಿಳಿದುಹೋಗುತ್ತದೆ. ಗಾಜಿನ ಮೇಲೆ ಸುತ್ತುಸುತ್ತಾಗಿ ಸಣ್ಣ ಗೀರುಗಳಿರುತ್ತವೆ. ಬೆರಳು ತಾಗಿದರೆ ಗೀರು ಬೀಳುವುದಿಲ್ಲ. ಬೆರಳಿನ ಗುರುತು ಹೋಗಲಿ ಅಂತ ಅಂಗಿಯ ತುದಿಯಿಂದಲೋ ಕರವಸ್ತ್ರದಿಂದಲೋ ಉಜ್ಜಿದಾಗ ಬಿದ್ದ ಗೀರುಗಳು ಅವು.

ತಪ್ಪು ಬಟ್ಟೆಯದ್ದಷ್ಟೇ ಅಲ್ಲ, ಗಾಜಿನ ಮೇಲೆ ಮೊದಲೇ ಕೂತಿದ್ದ ದೂಳಿನದ್ದು. ದೂಳಿನಲ್ಲಿ ಮರಳಿನ ಕಣ ಇದ್ದೇ ಇರುತ್ತದೆ. ಮರಳಿನ ಮುಖ್ಯ ಖನಿಜ ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದು 7, ಗಾಜು ಸುಮಾರು 5.5ರಿಂದ 6. ದೂಳಿರುವಾಗಲೇ ಒರೆಸಿದರೆ ಉಪ್ಪುಕಾಗದದಿಂದ ತಿಕ್ಕಿದ ಹಾಗೆ.

ಗಾಜಿನ ಮೇಲಿನ ಲೇಪ, ಅಂದರೆ ಕೋಟಿಂಗ್, ಇನ್ನೂ ಸೂಕ್ಷ್ಮ. ಲೇಪ ಇಲ್ಲದ ಗಾಜಿನ ಪ್ರತಿ ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ವಾಪಸ್ ಕಳಿಸುತ್ತದೆ. ಸ್ಕೋಪಿನೊಳಗೆ ಒಂದರ ಹಿಂದೆ ಒಂದು ಲೆನ್ಸ್‌ಗಳಿರುತ್ತವೆ. ಒಂದೊಂದಕ್ಕೂ ಎರಡೆರಡು ಮೇಲ್ಮೈ. ಎಷ್ಟು ಬೆಳಕು ಸೋರಿಹೋಗುತ್ತದೆ ನೀವೇ ಲೆಕ್ಕ ಹಾಕಿ. ಇದನ್ನು ತಡೆಯುವ ಲೇಪದ ವಿಧಾನಕ್ಕೆ 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ ದಾರಿ ಹಾಕಿಕೊಟ್ಟರು. ಮೆಗ್ನೀಸಿಯಂ ಫ್ಲೋರೈಡಿನ ಒಂದು ಪದರ ಹಾಕಿದರೆ ಆ ಶೇ. 4 ಸುಮಾರು ಶೇ. 1.5ಕ್ಕೆ ಇಳಿಯುತ್ತದೆ. ಆ ಪದರದ ದಪ್ಪ 100 ನ್ಯಾನೋಮೀಟರ್ ಆಸುಪಾಸು, ತಲೆಗೂದಲಿನ ದಪ್ಪದಲ್ಲಿ ಐನೂರನೇ ಒಂದು ಭಾಗವೂ ಇಲ್ಲ. ಈಗಿನ ಒಳ್ಳೆಯ ಸ್ಕೋಪ್‌ಗಳಲ್ಲಿ ಇಂಥ ಹಲವು ಪದರಗಳಿರುತ್ತವೆ. ಲೆನ್ಸ್ ಹಸಿರಾಗಿಯೋ ನೇರಳೆಯಾಗಿಯೋ ಹೊಳೆಯುವುದು ಅದಕ್ಕೇ. ಬೆರಳಿನ ಜಿಡ್ಡು ಮೆತ್ತಿದ ಜಾಗದಲ್ಲಿ ಆ ಬಣ್ಣ ಕೆಟ್ಟು ಮಬ್ಬಾಗಿ ಕಾಣುತ್ತದೆ. ಅಷ್ಟು ಜಾಗದಲ್ಲಿ ಲೇಪ ಕೆಲಸ ಮಾಡುತ್ತಿಲ್ಲ ಅಂತ ಅರ್ಥ.

ಹಾಗಂತ ಚುಕ್ಕಿ ದೂಳು ಕಂಡಾಗಲೆಲ್ಲ ಬಟ್ಟೆ ಹಿಡಿಯಬೇಡಿ. ಮುಂದಿನ ದೊಡ್ಡ ಲೆನ್ಸಿನ ಮೇಲೆ ನಾಲ್ಕು ಕಣ ಇದ್ದರೆ ಗುರಿಯ ಚಿತ್ರಕ್ಕೆ ಏನೂ ಆಗುವುದಿಲ್ಲ. ಜಿಡ್ಡು ಮಾತ್ರ ಹಾಗಲ್ಲ. ಬೆಳಗಿನ ಎಳೆ ಬಿಸಿಲು ಎದುರಿಗಿದ್ದರೆ ಅದು ಬೆಳಕನ್ನು ಚೆದುರಿಸಿ ಇಡೀ ಚಿತ್ರವನ್ನು ಬಿಳಿಚಾಗಿಸುತ್ತದೆ. ಕಣ್ಣಿನ ಕಡೆಯ ಲೆನ್ಸಿನಲ್ಲಿ ಅಷ್ಟೇ ಸಣ್ಣ ಕಲೆ ಜಾಸ್ತಿ ತೊಂದರೆ ಕೊಡುತ್ತದೆ, ಏಕೆಂದರೆ ಅಲ್ಲಿ ಬೆಳಕಿನ ಕಟ್ಟು ಬಹಳ ಸಪೂರ. ಆ ಲೆನ್ಸಿಗೆ ರೆಪ್ಪೆಯ ಎಣ್ಣೆ, ಹುಬ್ಬಿನ ಬೆವರು, ಕಾಡಿಗೆ ಎಲ್ಲ ಮೆತ್ತಿಕೊಳ್ಳುತ್ತವೆ.

ಇನ್ನೊಂದು ವಿಷಯ. ಚುಕ್ಕಿ ಕ್ರಾಸ್‌ಹೇರ್ ಗೆರೆಯಷ್ಟೇ, ಅಂದರೆ ಗುರಿ ಹಿಡಿಯಲು ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಗೆರೆಯಷ್ಟೇ ಸ್ಪಷ್ಟವಾಗಿ, ಕಪ್ಪಾಗಿ ಕಂಡರೆ ಅದು ಹೊರಗಿನದಲ್ಲ, ಒಳಗೆ ಆ ಗೆರೆಗಳಿರುವ ರೆಟಿಕಲ್ ಹತ್ತಿರ ಕೂತಿದೆ. ಹೊರಗಿನ ಗಾಜನ್ನು ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ. ಸುಮ್ನೆ ಕೋಟಿಂಗ್ ಸವೆಸಬೇಡಿ.

ಈಗ ಕೆಲಸಕ್ಕೆ ಬರೋಣ. ಮೊದಲು ರೈಫಲ್ ಖಾಲಿ ಮಾಡಿ. ಮ್ಯಾಗಜಿನ್ ಕಳಚಿ, ಬೋಲ್ಟ್ ತೆರೆದು, ನಳಿಗೆಯ ಹಿಂದೆ ಗುಂಡು ಕೂರುವ ಚೇಂಬರಿನಲ್ಲಿ ಗುಂಡಿಲ್ಲ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಬೋಲ್ಟ್ ಹೊರಗೆ ಬರುವಂಥದ್ದಾದರೆ ತೆಗೆದು ಪಕ್ಕಕ್ಕಿಡಿ. ಮುಂದಿನ ಲೆನ್ಸ್ ಒರೆಸುವವರು ನಳಿಗೆಯ ಎದುರಿಗೇ ನಿಲ್ಲುತ್ತಾರಲ್ಲ, ಅದಕ್ಕೆ ಇಷ್ಟು ಹೇಳಿದ್ದು.

ಆಮೇಲೆ ಗಾಳಿ. ರಬ್ಬರ್ ಬುರುಡೆಯ ಬ್ಲೋವರ್ ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದೆ. ಲೆನ್ಸನ್ನು ನೆಲದ ಕಡೆ ಬಾಗಿಸಿ ಊದಿದರೆ ದೂಳು ಕೆಳಗೆ ಬೀಳುತ್ತದೆ. ಬಾಯಿಂದ ಊದಿದರೆ ಎಂಜಲಿನ ಹನಿ ಸಿಡಿಯುತ್ತದೆ, ಬೇಡ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ, ಡಬ್ಬಿ ವಾಲಿದರೆ ಒಳಗಿನ ದ್ರವ ಹೊರಗೆ ಬಂದು ಗಾಜನ್ನು ಹಠಾತ್ತಾಗಿ ತಣ್ಣಗೆ ಮಾಡುತ್ತದೆ. ಗಾಳಿಗೆ ಹೋಗದ ದೂಳನ್ನು ಮೆತ್ತನೆಯ ಕೂದಲಿನ ಬ್ರಷ್‌ನಿಂದ ಒತ್ತದೆ ಸವರಿ. ಆ ಬ್ರಷ್ಷಿನ ಕೂದಲನ್ನು ಕೈಯಿಂದ ಮುಟ್ಟಬೇಡಿ, ಚರ್ಮದ ಎಣ್ಣೆ ಅದಕ್ಕೂ ಹತ್ತುತ್ತದೆ.

ದೂಳು ಹೋದ ಮೇಲೆ ಜಿಡ್ಡಿನ ಸರದಿ. ಬೆರಳಿನ ಗುರುತಿನಲ್ಲಿ ಎರಡು ಬಗೆಯ ಕೊಳೆ ಇದೆ: ಎಣ್ಣೆ ಮತ್ತು ಬೆವರಿನ ಉಪ್ಪು. ಎಣ್ಣೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಕರಗಿಸುತ್ತದೆ, ಉಪ್ಪನ್ನು ಕರಗಿಸುವುದಿಲ್ಲ. ಉಪ್ಪಿಗೆ ನೀರೇ ಬೇಕು. ಕಾರವಾರ, ಮಂಗಳೂರಿನ ಕಡಲ ಗಾಳಿಗೆ ಸಿಕ್ಕ ಸ್ಕೋಪಿಗಂತೂ ಮೊದಲು ನೀರಿನ ಪಸೆ, ಆಮೇಲೆ ಆಲ್ಕೋಹಾಲ್. ಬೋರ್‌ವೆಲ್ ನೀರು ಒಣಗಿದ ಮೇಲೆ ಬಿಳಿ ಕಲೆ ಉಳಿಸುತ್ತದೆ, ಡಿಸ್ಟಿಲ್ಡ್ ವಾಟರ್ ತನ್ನಿ. ಎರಡು ದ್ರವದ ತಲೆನೋವು ಬೇಡ ಅನ್ನುವವರಿಗೆ ಲೆನ್ಸಿಗೆಂದೇ ಮಾಡಿದ ದ್ರವ ಇದೆ.

ದ್ರವವನ್ನು ಗಾಜಿನ ಮೇಲೆ ನೇರ ಹನಿಸಬೇಡಿ. ಅದು ಅಂಚಿನ ಸಂದಿಗೆ ಇಳಿಯುತ್ತದೆ. ಮೈಕ್ರೋಫೈಬರ್ ಬಟ್ಟೆಯ ಮೂಲೆಗೋ ಲೆನ್ಸ್ ಟಿಶ್ಯೂಗೋ ಒಂದೆರಡು ಹನಿ ಸಾಕು. ಲೆನ್ಸಿನ ನಡುವಿನಿಂದ ಶುರುಮಾಡಿ, ಹಗುರವಾಗಿ ಸುತ್ತುತ್ತಾ ಅಂಚಿಗೆ ಬಂದು ಬಟ್ಟೆ ಎತ್ತಿಬಿಡಿ. ಮತ್ತೆ ಒರೆಸಬೇಕಾದರೆ ಬಟ್ಟೆಯ ಬೇರೆ ಜಾಗ. ಅಂಚಿನಲ್ಲಿ ಕೂತ ಕೊಳೆಗೆ ಹತ್ತಿ ಸುತ್ತಿದ ಕಡ್ಡಿ ಬಳಸಿ, ಆದರೆ ಉಜ್ಜದೆ ಉರುಳಿಸಿ. ಕಲೆ ಒಂದೇ ಸಲಕ್ಕೆ ಹೋಗದಿದ್ದರೆ ಜೋರು ಹಾಕಬೇಡಿ. ದ್ರವದ ಪಸೆ ಮುಟ್ಟಿಸಿ, ಕರಗಲು ಸ್ವಲ್ಪ ಹೊತ್ತು ಕೊಟ್ಟು, ಮತ್ತೆ ಒರೆಸಿ. ಶಕ್ತಿ ಹಾಕಬೇಕಾಗಿ ಬಂತು ಅಂದರೆ ದ್ರವ ತಪ್ಪು ಅಥವಾ ಅವಸರ ಜಾಸ್ತಿ.

ಮನೆಯಲ್ಲಿ ಕೈಗೆ ಸಿಗುವ ಎಷ್ಟೋ ವಸ್ತುಗಳು ಲೆನ್ಸಿಗೆ ಆಗಿಬರುವುದಿಲ್ಲ. ಕೋವಿಡ್ ನಂತರ ಎಲ್ಲರ ಮನೆಯಲ್ಲೂ ಇರುವ ಸ್ಯಾನಿಟೈಜರ್ ಆಲ್ಕೋಹಾಲೇ ಅಲ್ವಾ ಅಂತ ಕೇಳುತ್ತಾರೆ. ಅದರಲ್ಲಿ ಗ್ಲಿಸರಿನ್, ಸುವಾಸನೆ ಸೇರಿರುತ್ತವೆ. ಆಲ್ಕೋಹಾಲ್ ಆರಿಹೋದ ಮೇಲೆ ಉಳಿದದ್ದು ಗಾಜಿನ ಮೇಲೆ ಪೊರೆಯಾಗುತ್ತದೆ. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ತಿನ್ನುತ್ತದೆ. ಗೀರು ಹೋಗಲಿ ಅಂತ ಟೂತ್‌ಪೇಸ್ಟ್ ಹಚ್ಚುವವರೂ ಇದ್ದಾರೆ. ಹಲ್ಲು ಉಜ್ಜಲು ಅದರಲ್ಲಿ ಹಾಕಿರುವ ಪುಡಿ ಕೋಟಿಂಗನ್ನೂ ಉಜ್ಜಿ ತೆಗೆಯುತ್ತದೆ. ಬೆಳ್ಳಿ ಬೆಳಗುವ ವಿಭೂತಿಯದ್ದೂ ಅದೇ ಕಥೆ.

ಆಯುಧಪೂಜೆ ಮುಗಿದ ವಾರ ಬರುವ ಕೇಸುಗಳೇ ಬೇರೆ. ಭಕ್ತಿಯಿಂದ ಅರಿಶಿನ ಕುಂಕುಮ ಇಡುವಾಗ ಒಂದು ಬೊಟ್ಟು ಲೆನ್ಸಿನ ಅಂಚಿಗೂ ಬಿದ್ದಿರುತ್ತದೆ. ಪುಡಿ ಒಣಗಿದ್ದರೆ ಮೊದಲು ಗಾಳಿಯಿಂದ ಹಾರಿಸಿ. ಅರಿಶಿನದ ಹಳದಿ ನೀರಿಗೆ ಬಗ್ಗುವುದಿಲ್ಲ, ಆಲ್ಕೋಹಾಲಿಗೆ ಬಿಡುತ್ತದೆ. ಮುಂದಿನ ವರ್ಷ ಸ್ಕೋಪಿನ ಮುಚ್ಚಳ ಹಾಕಿ ಮುಚ್ಚಳಕ್ಕೇ ಬೊಟ್ಟಿಡಿ.

ಮುಚ್ಚಳದ ಮಾತು ಬಂತಲ್ಲ, ರೈಫಲ್ ಶುಚಿ ಮಾಡುವಾಗಲೂ ಅದು ಹಾಕಿರಲಿ. ನಳಿಗೆಗೆ ಸಿಂಪಡಿಸುವ ಗನ್ ಆಯಿಲ್ ಮಂಜಿನಂತೆ ಹಾರಿ ಹಿಂದಿನ ಲೆನ್ಸಿನ ಮೇಲೆ ಕೂರುತ್ತದೆ. ಆ ಜಿಡ್ಡಿಗೆ ದೂಳು ಅಂಟಿದರೆ ಬ್ಲೋವರ್‌ಗೂ ಜಗ್ಗುವುದಿಲ್ಲ.

ಮೈಕ್ರೋಫೈಬರ್ ಬಟ್ಟೆಯನ್ನು ಸೌಮ್ಯ ಸೋಪಿನಲ್ಲಿ ಬೇರೆಯಾಗಿಯೇ ತೊಳೆಯಿರಿ. ಬಟ್ಟೆ ಮೆದುವಾಗಲು ಹಾಕುವ ಸಾಫ್ಟನರ್ ಬೇಡ, ಅದು ಎಳೆಗಳಲ್ಲಿ ಉಳಿದು ಗಾಜಿಗೆ ಮೆತ್ತುತ್ತದೆ. ಬಟ್ಟೆ ಒಣಗಿದ ಮೇಲೆ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಪ್ಯಾಂಟಿನ ಜೇಬಿನಲ್ಲಿ ತಿರುಗಿದ ಬಟ್ಟೆ ಲೆನ್ಸಿಗೆ ನಾಲಾಯಕ್ಕು.

ಬೆರಳಿನ ಗುರುತನ್ನು ಒಂದು ದಿನ ಬಿಟ್ಟರೆ ಏನೂ ಆಗುವುದಿಲ್ಲ. ಕೊಡಗಿನ, ಮಲೆನಾಡಿನ ಮಳೆಗಾಲ ಪೂರ್ತಿ ಬಿಟ್ಟರೆ ಕಥೆ ಬೇರೆ. ಉಪ್ಪು ತೇವ ಹಿಡಿದಿಟ್ಟುಕೊಳ್ಳುತ್ತದೆ, ಎಣ್ಣೆ ಬೂಷ್ಟಿಗೆ ಆಹಾರ. ಬೂಷ್ಟು ಬಿಡುವ ಆಮ್ಲ ಕೋಟಿಂಗನ್ನು ಕೊರೆಯುತ್ತದೆ. ಜೇಡರ ಬಲೆಯಂಥ ಎಳೆ ಕಂಡರೆ ಅದೇ. ಮಳೆಗಾಲಕ್ಕೆ ಮುಂಚೆ ಒರೆಸಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ, ಒಳಗಿನ ತೇವ ಎಳೆದುಕೊಳ್ಳುವ ಸಿಲಿಕಾ ಜೆಲ್ ಜೊತೆ ಇಡಿ. ಚರ್ಮದ ಚೀಲದಲ್ಲಿ ಬೇಡ, ಅದು ತೇವ ಹೀರುತ್ತದೆ.

ಮಂಜು ಗಾಜಿನ ಹೊರಗಿದ್ದರೆ ತಾನೇ ಆರುತ್ತದೆ, ಎ.ಸಿ. ಕಾರಿನಿಂದ ಇಳಿಸಿದಾಗ ಹಾಗಾಗುತ್ತದೆ. ಒಳಗಿದ್ದರೆ ಸ್ಕೋಪಿನ ಸೀಲ್ ಹೋಗಿದೆ. ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಮುಚ್ಚಿರುತ್ತಾರೆ. ಮುಂದಿನ ಬಳೆ ತಿರುಗಿಸಿ ಬಿಚ್ಚಿ ಒಳಗಿಂದ ಒರೆಸಲು ಹೋದರೆ ಉಳಿದ ಅನಿಲವೂ ಹೋಗುತ್ತದೆ, ವಾರಂಟಿಯೂ ಹೋಗುತ್ತದೆ. ಅಂಥದ್ದನ್ನು ಸರ್ವಿಸ್‌ಗೆ ಕಳಿಸಿ. ಸೀಲ್ ಬದಲಿಸಿ ಮತ್ತೆ ಅನಿಲ ತುಂಬಬಹುದು. ಕೋಟಿಂಗ್ ಕಿತ್ತುಹೋಗಿದ್ದರೆ ಲೆನ್ಸನ್ನೇ ಬದಲಿಸಬೇಕು, ಅದರ ಖರ್ಚು ಕೇಳಿದ ಹೆಚ್ಚಿನವರು ಹೊಸ ಸ್ಕೋಪಿನ ಬೆಲೆ ವಿಚಾರಿಸುತ್ತಾರೆ.